ಚಳುಕು ತುಳಿಯುವ ಕಾಲಿಗೆ ಜೋಮು ಹಿಡಿದಾಗ

ನಾನು ಕಾಲು ಮುಂದಾಗಿ ಹುಟ್ಟಿದವಳು. ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣದ ಹತ್ತಿರ ನನ್ನ ತವರು. ಹೆರಿಗೆ ಮಾಡಿಸಲು ಬಂದಿದ್ದ ಸೂಲಗಿತ್ತಿ ಮೊದಲು ನನ್ನ ಬಲಗಾಲು ಕಂಡು, "ಅಯ್ಯೋ ಇದ್ರ, ಒದ್ಕಂಡು ಬತ್ತಾ ಅದಲ್ಲವ್ವ ಇದು" ಅಂದಳಂತೆ. ಆ ಒಂದು ಮಾತಿನಿಂದ ನನ್ನ ಜೀವಮಾನವೆಲ್ಲ ಮಂದಿಯ ಸೊಂಟ ತುಳಿಯುವುದರಲ್ಲೇ ಕಳೆಯಿತು.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಭಾರ ಎತ್ತುವಾಗಲೋ ಸುಮ್ಮನೆ ಬಗ್ಗಿ ಏಳುವಾಗಲೋ ಸೊಂಟ ಗಕ್ಕನೆ ಹಿಡಿದುಕೊಂಡರೆ ಅದನ್ನು ನಮ್ಮ ಕಡೆ ಚಳುಕು ಅನ್ನುತ್ತಾರೆ. ಕಾಲು ಮುಂದಾಗಿ ಹುಟ್ಟಿದವರು ಆ ಜಾಗಕ್ಕೆ ಅಂಗಾಲು ತಾಗಿಸಿದರೆ ಚಳುಕು ಬಿಡುತ್ತದೆ ಎಂದು ನಂಬಿಕೆ. ದಂಡಿಗನಹಳ್ಳಿ ಹೋಬಳಿಯ ಈ ಊರಿಗೆ ಸೊಸೆಯಾಗಿ ಬಂದ ಮೇಲೆ ನನಗೆ ಕೆಲಸ ಹೆಚ್ಚಾಯಿತು. ಬೆಳಗ್ಗೆ ನಾನು ಮುಖ ತೊಳೆಯುವ ಮೊದಲೇ ಯಾರಾದರೂ ಸೊಂಟ ಹಿಡಿದುಕೊಂಡು ನಮ್ಮ ಜಗಲಿ ಮೇಲೆ ಕೂತಿರುತ್ತಿದ್ದರು. ಅವರು ಹೊಸ್ತಿಲಿಗೆ ಅಡ್ಡಲಾಗಿ ಬೋರಲು ಮಲಗಬೇಕು, ನಾನು ಬಲಗಾಲನ್ನು ಮೂರು ಸಲ ತಾಗಿಸಬೇಕು. ತುಳಿಯುವುದು ಅನ್ನುವುದು ಬರೀ ಮಾತಿಗೆ, ಭಾರ ಬಿಡುವಂತಿಲ್ಲ. ತುಳಿಸಿಕೊಂಡವರು ಎದ್ದು, ಬರ್ತೀನಿ ಅನ್ನದೆ, ಹಿಂದಕ್ಕೆ ತಿರುಗಿ ನೋಡದೆ ಹೋಗಬೇಕು. ಹೆಂಗಸರ ಎದುರು ಕಾಲು ಮೇಲೆ ಕಾಲು ಹಾಕಿಕೊಂಡು ಕೂರುವ ಮೀಸೆಯ ಗೌಡರುಗಳೆಲ್ಲ ನನ್ನ ಹೊಸ್ತಿಲಲ್ಲಿ ಮಕಾಡೆ ಬಿದ್ದಿದ್ದಾರೆ. ನನಗೆ ಅದರಲ್ಲಿ ಒಂದಿಷ್ಟು ಖುಷಿಯೂ ಇತ್ತು, ಸುಳ್ಳು ಯಾಕೆ ಹೇಳಲಿ.

ಒಬ್ಬರನ್ನು ಮಾತ್ರ ತುಳಿಯುವಂತಿರಲಿಲ್ಲ. ಮದುವೆಯಾದ ಹೊಸದರಲ್ಲೇ ಅತ್ತೆಯವರು ಹೇಳಿಬಿಟ್ಟಿದ್ದರು. "ಊರ್ನೆಲ್ಲ ತುಳಿ, ಗಂಡುಂಗೆ ಮಾತ್ರ ಕಾಲು ತಾಗಿಸ್ಬ್ಯಾಡ ಕಣಮ್ಮಿ. ಆಯಸ್ಸು ಕಮ್ಮಿ ಆಯ್ತದೆ." ಹಾಗಾಗಿ ನಮ್ಮ ಯಜಮಾನರು ಕಾಳೇಗೌಡರಿಗೆ ಸೊಂಟ ಹಿಡಿದಾಗಲೆಲ್ಲ ನೀಲಗಿರಿ ಎಣ್ಣೆಯೇ ಗತಿ. ಮನೆಯಲ್ಲೇ ವೈದ್ಯೆ ಇದ್ದರೂ ಅವರು ಮೂಲೆಯಲ್ಲಿ ನರಳುತ್ತಾ ಮಲಗುತ್ತಿದ್ದರು.

ಇಂಥ ನನಗೇ ಎಪ್ಪತ್ತು ಹತ್ತಿರ ಬರುವಾಗ ಸೊಂಟ ಕೆಟ್ಟಿತು. ಇದು ಹಿಡಿದು ಬಿಡುವ ಚಳುಕಲ್ಲ. ಸೊಂಟದಿಂದ ಹೊರಟ ನೋವು ಪಿರ್ರೆಯಲ್ಲಿ ಇಳಿದು, ತೊಡೆ ಹಾದು, ಬಲಗಾಲ ಮೀನಖಂಡದವರೆಗೆ ಎಳೆಯುತ್ತಿತ್ತು. ಡೈರಿಗೆ ಹಾಲು ಹಾಕಲು ಹೋಗುವಾಗ ದಾರಿಯ ಮೋರಿ ಕಟ್ಟೆ ಮೇಲೆ ಒಂದು ಗಳಿಗೆ ಕೂತರೆ ಕಡಿಮೆಯಾಗುವುದು, ಎದ್ದು ನಡೆದರೆ ಮತ್ತೆ ಅದೇ ಗೋಳು. ಯಾರಾದರೂ ಕೇಳಿದರೆ "ಗಾಳಿಗೆ ಕೂತಿದ್ದೀನಿ" ಅನ್ನುತ್ತಿದ್ದೆ. ಸೊಂಟ ತುಳಿಯುವವಳಿಗೇ ಸೊಂಟ ನೋವು ಅಂದರೆ ಊರು ನಗದೆ ಬಿಡುತ್ತದೆಯೇ?

ಹೊಳೆನರಸೀಪುರದಲ್ಲಿ ಮೇಷ್ಟ್ರ ಕೆಲಸ ಮಾಡುವ ನನ್ನ ಮಗಳು ಭಾಗ್ಯಳದು ಫೋನಿನಲ್ಲಿ ದಿನಾ ಜಗಳ. "ಅವ್ವ, ಹಾಸನಕ್ಕೆ ಹೋಗಿ ತೋರಿಸೋಣ ಬಾ." ನಾನು ಕೇಳಲಿಲ್ಲ. ನನ್ನಂತೆ ಹುಟ್ಟಿದ ಇನ್ನೊಬ್ಬರು ತುಳಿದರೆ ಹೋಗುತ್ತದೆ ಎಂದು ನನಗೆ ಹಟ. ಯಜಮಾನರು ಹೋದಲ್ಲೆಲ್ಲ ವಿಚಾರಿಸಿ, ಕೊನೆಗೆ ಶ್ರವಣಬೆಳಗೊಳದಲ್ಲಿ ಲಾಡ್ಜು ನೋಡಿಕೊಳ್ಳುವ ಒಬ್ಬರನ್ನು ಪತ್ತೆ ಮಾಡಿದರು. ಇಬ್ಬರೂ ಬಸ್ಸು ಹತ್ತಿ ಹೋದೆವು.

ಆ ಮನುಷ್ಯ ಒಳ್ಳೆ ಕಂಬದ ಹಾಗಿದ್ದ. ಪಾಪ, ನಾಚಿಕೊಂಡ. "ನಮ್ಮವ್ವ ಏಳೋಳು, ನಾನು ಕಾಲು ಮುಂದಾಗಿ ಉಟ್ಟಿದ್ದು ಅಂತ. ಆದ್ರೆ ಇದ್ವರ್ಗೂ ಯಾರ್ನೂ ತುಳ್ದಿಲ್ಲ ಕಣವ್ವ" ಅಂದ. "ಇವತ್ತು ಶುರು ಮಾಡಪ್ಪ" ಎಂದು ನಾನು ಲಾಡ್ಜಿನ ಹೊಸ್ತಿಲಿಗೆ ಅಡ್ಡ ಮಲಗಿಬಿಟ್ಟೆ. ಬೆಟ್ಟ ಹತ್ತಲು ಬಂದ ಯಾತ್ರಿಕರು ಬ್ಯಾಗು ಹಿಡಿದುಕೊಂಡು ನನ್ನನ್ನೇ ನೋಡುತ್ತಾ ನಿಂತರು. ಭಾರ ಬಿಡಬಾರದು ಎಂದು ಹೇಳುವುದನ್ನು ನಾನೂ ಮರೆತೆ, ಯಜಮಾನರೂ ಮರೆತರು. ನಮಗೆ ಅದು ಹೇಳಿಕೊಡುವ ಸಂಗತಿ ಅಂತಲೇ ಅನ್ನಿಸಿರಲಿಲ್ಲ. ಆ ಪುಣ್ಯಾತ್ಮ ನಿಜವಾಗಿಯೂ ತುಳಿದ. ಒಳಗೆ ಲಟಕ್ ಅಂದಿದ್ದು ನನ್ನ ಕಿವಿಗೇ ಕೇಳಿಸಿತು.

ಚನ್ನರಾಯಪಟ್ಟಣಕ್ಕೆ ಬಂದು ಬಸ್ಸು ಬದಲಿಸುವ ಹೊತ್ತಿಗೆ ಬಲಪಾದಕ್ಕೆ ಜೋಮು ಹಿಡಿದಿತ್ತು. ಕೂತಿದ್ದಕ್ಕೆ ಹಿಡಿದಿರಬೇಕು ಅಂದುಕೊಂಡೆ. ಮಾರನೆಯ ದಿನ ಕೊಟ್ಟಿಗೆಯಲ್ಲಿ ಹಸುವಿಗೆ ಹುಲ್ಲು ಹಾಕುತ್ತಿದ್ದೆ. ಯಜಮಾನರು ಬಂದು ನನ್ನ ಕಾಲು ನೋಡಿದರು.

"ಲೇ, ಬಲಗಾಲ್ ಚಪ್ಲಿ ಎಲ್ಲೇ?"

ನೋಡಿಕೊಂಡರೆ ಬರಿಗಾಲು. ಚಪ್ಪಲಿ ಅಂಗಳದ ನಡುವೆ ಬಿದ್ದಿತ್ತು. ಅದು ಜಾರಿದ್ದು, ಅಲ್ಲಿಂದ ಇಲ್ಲಿಯವರೆಗೆ ಕಲ್ಲು, ಸಗಣಿ ಮೆಟ್ಟಿಕೊಂಡು ಬಂದಿದ್ದು, ಒಂದೂ ನನಗೆ ಗೊತ್ತಾಗಿರಲಿಲ್ಲ. ಪಾದವನ್ನು ಮೇಲಕ್ಕೆ ಎತ್ತಲು ನೋಡಿದೆ, ಅದು ಒದ್ದೆ ಬಟ್ಟೆಯ ಹಾಗೆ ಕೆಳಕ್ಕೇ ಜೋತು ಬಿತ್ತು. ಅಷ್ಟು ದಿನ ನೋವಿಗೆ ನಾನು ಹೆದರಿರಲಿಲ್ಲ. ನೋವೇ ಇಲ್ಲದ ಆ ಕಾಲು ಕಂಡು ಹೆದರಿದೆ. ಅದು ಬರೀ ನಡೆಯುವ ಕಾಲಾಗಿರಲಿಲ್ಲ ನನಗೆ. ಈ ಊರಿನಲ್ಲಿ ನನಗೊಂದು ಹೆಸರು ಅಂತ ಇದ್ದರೆ ಅದು ಆ ಅಂಗಾಲಿನದು.

ಭಾಗ್ಯ ಆವತ್ತೇ ರಜೆ ಹಾಕಿ ಬಂದಳು. ಬೆಂಗಳೂರಿನ ಬೆನ್ನುಮೂಳೆ ಡಾಕ್ಟರೊಬ್ಬರು ಶನಿವಾರ ಹಾಸನಕ್ಕೆ ಬಂದು ನೋಡುತ್ತಾರೆಂದು ವಿಚಾರಿಸಿಕೊಂಡು, ನನ್ನನ್ನೂ ಯಜಮಾನರನ್ನೂ ಕರೆದುಕೊಂಡು ಹೋದಳು. ಅಲ್ಲಿ ಕಾಯುವ ಜಾಗ ಅಂದರೆ ಸಂತೆ. ಕೂರಲಾರದವರು ನಿಂತಿದ್ದರು, ನಿಲ್ಲಲಾರದವರು ಕೂತಿದ್ದರು, ಎರಡೂ ಆಗದ ಒಬ್ಬರು ಗೋಡೆಗೆ ಹಣೆ ಕೊಟ್ಟುಕೊಂಡಿದ್ದರು. ನಾನು ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಮೂಲೆಯಲ್ಲಿ ಕೂತೆ. ಆದರೂ ಎದುರಿಗಿದ್ದ ಹಿರಿಯರೊಬ್ಬರು ನೋಡೇ ನೋಡಿದರು. ಅರಕಲಗೂಡು ಕಡೆಯ ಹೊಗೆಸೊಪ್ಪಿನ ಬೆಳೆಗಾರರು, ನಂಜೇಗೌಡರು ಅಂತ.

"ನೀವು ಚಳುಕು ತುಳಿಯೋ ಸಾಕಮ್ಮಾರಲ್ವಾ? ಮಲ್ಲಿಪಟ್ಣದವ್ರು? ನಮ್ಮಣ್ಣುಂಗೆ ತುಳ್ದಿದ್ರಿ ನೀವು!"

ಇಡೀ ಸಾಲು ನನ್ನ ಕಡೆ ತಿರುಗಿತು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಹೂಂ ಕಣಣ್ಣ" ಅಂದೆ.

"ಅಂಗಾದ್ರೆ ನಂಗೂ ಒಂದ್ಸಲ ಇಲ್ಲೇ ತುಳ್ದುಬುಡಿ. ಡಾಕ್ಟ್ರುನ ಕಾಯೋದ್ಯಾಕೆ, ಎದ್ದು ಮನೆಗೋಯ್ತೀನಿ" ಎಂದು ಅವರು ನಕ್ಕರು. ಸುತ್ತ ಕೂತವರೂ ಸೊಂಟ ಹಿಡಿದುಕೊಂಡೇ ನಕ್ಕರು.

"ಕಾಲೇ ಸತ್ತೋಗದೆ ಕಣಣ್ಣ. ಅದ್ಕೇ ಬಂದಿವ್ನಿ" ಅಂದೆ. ನಗು ನಿಂತಿತು. ನಂಜೇಗೌಡರ ಹೆಂಡತಿ ಎದ್ದು ಬಂದು ಪಕ್ಕದಲ್ಲಿ ಕೂತು ನನ್ನ ಕೈ ಹಿಡಿದುಕೊಂಡರು. ಚೀಲದಿಂದ ಒಂದು ಬಾಳೆಹಣ್ಣು ತೆಗೆದು ಕೊಟ್ಟರು. ಎಲ್ಲರಿಗೂ ಗೊತ್ತಾಗಿಹೋಯಿತಲ್ಲ, ಇನ್ನು ಮುಚ್ಚಿಡುವುದೇನೂ ಉಳಿಯಲಿಲ್ಲ ಎಂದು ಒಳಗೇ ಹಗುರ ಆಯಿತು. ಬಾಳೆಹಣ್ಣನ್ನು ಪೂರ್ತಿ ತಿಂದೆ.

ಡಾಕ್ಟರು ನಮ್ಮ ಅಳಿಯನ ವಯಸ್ಸಿನವರು. ಅಲ್ಲೇ ತೆಗೆಸಿದ ಸ್ಕ್ಯಾನಿನ ಚಿತ್ರಗಳನ್ನೆಲ್ಲ ನೋಡಿದ ಮೇಲೆ ನನ್ನನ್ನು ಮಲಗಿಸಿ, ಕಣ್ಣು ಮುಚ್ಚಿಕೊಳ್ಳಲು ಹೇಳಿದರು. "ಪಾದದಲ್ಲಿ ನಾನು ಮುಟ್ಟಿದಾಗ ಎಲ್ಲಿ ಅಂತ ಹೇಳಬೇಕಮ್ಮ" ಅಂದರು. ನಾನು ಜಾಣೆ. ಸ್ವಲ್ಪ ಹೊತ್ತು ಬಿಟ್ಟು, "ಹೆಬ್ಬೆಟ್ಟು" ಅಂದೆ.

"ಇನ್ನೂ ಮುಟ್ಟೇ ಇಲ್ಲಮ್ಮ" ಅಂದರು ಡಾಕ್ಟರು.

ಭಾಗ್ಯ ಹೊರಗೆ ಎದ್ದು ಹೋದಳು. ಅಳಲಿಕ್ಕೆ ಅಂತ ನನಗೆ ಗೊತ್ತಾಯಿತು.

ಮೂಳೆಯೊಂದು ತನ್ನ ಜಾಗದಿಂದ ಮುಂದಕ್ಕೆ ಜಾರಿ ನರವನ್ನು ಅಮುಕಿಕೊಂಡಿದೆ, ಇದು ಒಂದು ದಿನದಲ್ಲಿ ಆದದ್ದಲ್ಲ ಎಂದು ಅವರು ಹೇಳಿದರು. ಲಾಡ್ಜಿನವನ ಕಥೆಯನ್ನು ಯಜಮಾನರು ತಲೆ ತಗ್ಗಿಸಿಕೊಂಡು ಹೇಳಿದಾಗ ಡಾಕ್ಟರು ನಗಲಿಲ್ಲ, ಬೈಯಲೂ ಇಲ್ಲ. "ಅದ್ರಿಂದ ಒಳ್ಳೇದಂತೂ ಆಗಿಲ್ಲ" ಅಂದರು ಅಷ್ಟೆ. ಮೂಳೆಯನ್ನು ಸ್ಕ್ರೂ ಹಾಕಿ ನಿಲ್ಲಿಸಬೇಕು, ನರಕ್ಕೆ ಜಾಗ ಬಿಡಿಸಬೇಕು. ವಯಸ್ಸಾದ ಮೂಳೆ ಬೆಂಡಿನಂತೆ ಹಗುರವಾಗಿದೆ, ಸ್ಕ್ರೂ ಒಂದು ಕೂದಲೆಳೆ ಆಚೆ ಈಚೆ ಹೋಗಬಾರದು, ಅದಕ್ಕೆ ರೋಬೋಟ್ ಇಟ್ಟುಕೊಂಡು ಮಾಡುತ್ತೇವೆ ಅಂದರು.

"ಮಿಷನ್ನು ಕುಯ್ತದಾ ಸಾ?" ಯಜಮಾನರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು ಕೇಳಿದರು.

"ಇಲ್ಲ ಗೌಡ್ರೇ. ಕುಯ್ಯೋದು ನಾನೇ, ಸ್ಕ್ರೂ ಹಾಕೋದೂ ನಾನೇ. ಎಲ್ಲಿ, ಎಷ್ಟು ಓರೆಯಾಗಿ ಹೋಗ್ಬೇಕು ಅನ್ನೋ ದಾರೀನ ಅದು ಅಲ್ಲಾಡದೆ ಹಿಡಿದುಕೊಂಡು ತೋರಿಸುತ್ತೆ."

ಯಜಮಾನರ ಮುಖ ಅರಳಿತು. "ಓಹೋ, ಬೋರ್‌ವೆಲ್ ಪಾಯಿಂಟ್ ತೋರ್ಸ್ದಂಗೆ."

"ನಮ್ ತ್ವಾಟದಲ್ಲಿ ಪಾಯಿಂಟ್ ತೋರ್ಸಿದ್ ಬೋರಲ್ಲಿ ಏನ್ ಬಂತು ಅಂತ ಡಾಕ್ಟ್ರಿಗೆ ಏಳಿ" ಅಂದೆ ನಾನು. ಬಂದದ್ದು ಬರೀ ಧೂಳು. ಡಾಕ್ಟರು ಈ ಸಲ ಜೋರಾಗಿಯೇ ನಕ್ಕರು. ಇಲ್ಲಿ ಒಳಗಿರುವುದನ್ನೆಲ್ಲ ಸ್ಕ್ಯಾನಿನಲ್ಲಿ ನೋಡಿಕೊಂಡೇ ಕೊರೆಯುತ್ತೇವೆ, ನೀರು ನೋಡುವವರ ಹಾಗೆ ತೆಂಗಿನಕಾಯಿ ಹಿಡಿದುಕೊಂಡಲ್ಲ ಅಂದರು. ಆಮೇಲೆ ನನ್ನ ಕಡೆ ತಿರುಗಿ, "ನೋವು ಹೋಗುತ್ತಮ್ಮ, ನಡೀತೀರ. ಆದ್ರೆ ಪಾದದ ಸ್ಪರ್ಶ ವಾಪಸ್ ಬರುತ್ತೆ ಅಂತ ನಾನು ಮಾತು ಕೊಡಲ್ಲ. ಬಂದ್ರೂ ನಿಧಾನ" ಅಂದರು. ನನಗೆ ಬೇಕಾಗಿದ್ದದ್ದು ಅದೊಂದೇ. ಸುಳ್ಳು ಹೇಳಿ ಸಮಾಧಾನ ಮಾಡಲಿಲ್ಲವಲ್ಲ ಎಂದು ಅವರ ಮೇಲೆ ನಂಬಿಕೆ ಬಂದದ್ದೂ ಆಗಲೇ.

ಊರಿನಲ್ಲಿ ಪಂಚಾಯ್ತಿಯೇ ನಡೆಯಿತು ಅನ್ನಿ. ನನ್ನ ಮೈದುನ ಜಗಲಿಗೆ ಬಂದು ಕೂತು, "ಅತ್ಗೆ, ಈ ವಯ್ಸಲ್ಲಿ ಬೆನ್ನು ಕುಯ್ಸ್ಕಂಡು ಏಳಕ್ಕಾಗ್ದೆ ಮಲಿಕ್ಕಂಡ್ರೆ ಯಾರ್ ನೋಡೋರು? ಇರೋಗಂಟ ಇಂಗೇ ಇದ್ಬುಡಿ" ಅಂದ. ಅವನು ಕೆಟ್ಟವನಲ್ಲ, ಹೆದರಿದ್ದ. ನನಗೂ ಅದೇ ಹೆದರಿಕೆ ಇತ್ತು, ಅದಕ್ಕೇ ಸಿಟ್ಟು ಬಂತು. "ನೀನಂತೂ ನೋಡ್ಬ್ಯಾಡ ಕಣಪ್ಪ, ಎದ್ದೋಗು" ಅಂದೆ. ಎಂದೂ ಎದುರು ಮಾತಾಡದ ಯಜಮಾನರು ತಮ್ಮನಿಗೆ, "ನಾನ್ ನೋಡ್ತೀನಿ ಕಣ್ಲಾ. ಅವ್ಳು ಓಯ್ತೀನಿ ಅಂದ್ರೆ ಓಗ್ಲಿ" ಅಂದರು. ಅಲ್ಲಿಗೆ ಪಂಚಾಯ್ತಿ ಮುಗಿಯಿತು.

ಬೆಂಗಳೂರಿನ ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ಕರೆದುಕೊಂಡು ಹೋಗುವ ಮುಂಚೆ ಮೈಮೇಲಿನ ಲೋಹವನ್ನೆಲ್ಲ ತೆಗೆಯಬೇಕೆಂದರು. ತಾಳಿ ಬಿಚ್ಚಿ ಭಾಗ್ಯಳ ಕೈಗೆ ಕೊಟ್ಟೆ. ಕಾಲುಂಗುರ ಬರಲಿಲ್ಲ. ಮದುವೆಯಲ್ಲಿ ತೊಡಿಸಿದ್ದು, ಬೆರಳು ಅದರ ಸುತ್ತ ಬೆಳೆದುಬಿಟ್ಟಿತ್ತು. ನರ್ಸಮ್ಮ ಎಣ್ಣೆ ಸವರಿ ತಿರುಗಿಸಿ ತಿರುಗಿಸಿ ಎಡಗಾಲಿನದು ತೆಗೆದಾಗ ಪ್ರಾಣ ಹೋದ ಹಾಗಾಯಿತು, "ಅಯ್ಯಮ್ಮಾ" ಅಂತ ಕೂಗಿಕೊಂಡೆ. ಬಲಗಾಲಿನದಕ್ಕೆ ಹಲ್ಲು ಕಚ್ಚಿಕೊಂಡು ಕಾದೆ. ಕಾದೇ ಕಾದೆ.

"ತಗಿಯವ್ವ ಬೇಗ" ಅಂದೆ.

"ಆಗ್ಲೇ ತೆಗೆದಾಯ್ತಲ್ಲಮ್ಮ" ಎಂದು ಆಕೆ ಅಂಗೈ ತೋರಿಸಿದಳು. ಎರಡೂ ಉಂಗುರ ಅಲ್ಲಿದ್ದವು. ಯಜಮಾನರು ಅವನ್ನು ತೆಗೆದುಕೊಂಡು ಅಂಗಿ ಜೇಬಿಗೆ ಹಾಕಿ, ಮೇಲೆ ಕೈ ಇಟ್ಟುಕೊಂಡು ನಿಂತರು. ನನ್ನನ್ನು ತಳ್ಳಿಕೊಂಡು ಹೋಗುವಾಗ ಹಾಗೆಯೇ ನಿಂತಿದ್ದರು.

ರೋಬೋಟನ್ನು ನಾನು ನೋಡಿದೆ. ಕಣ್ಣು ಕಾಲು ಇರುವ ಬೊಂಬೆ ಅಂದುಕೊಂಡಿದ್ದೆ. ನೋಡಿದರೆ ಪ್ಲಾಸ್ಟಿಕ್ ಹೊದಿಸಿದ ಒಂದು ಉದ್ದನೆಯ ತೋಳು, ಅಷ್ಟೆ. ನಾನು ಬೆಳಗ್ಗೆ ಹೊಸ್ತಿಲ ಬಳಿ ಕಾಲೆತ್ತಿ ನಿಲ್ಲುತ್ತಿದ್ದ ಹಾಗೆ ಅದೂ ತೋಳೆತ್ತಿಕೊಂಡು ನಿಂತಿತ್ತು. ಭಾರ ಬಿಡಬೇಡ ಕಣಪ್ಪ ಎಂದು ಅದಕ್ಕೆ ಮನಸ್ಸಿನಲ್ಲೇ ಹೇಳಿದೆ. ಈ ಸಲ ಮರೆಯಲಿಲ್ಲ. ಅಷ್ಟರಲ್ಲಿ ಯಾರೋ ನನ್ನ ಹೆಸರು ಕೇಳಿದರು, ಸಾಕಮ್ಮ ಅಂದೆನೋ ಇಲ್ಲವೋ ನೆನಪಿಲ್ಲ.

ಎಚ್ಚರವಾದ ಮೇಲಿನ ದಿನ ಎಲ್ಲರಿಗೂ ಹೇಗಿರುತ್ತದೋ ನನಗೂ ಹಾಗೇ ಇತ್ತು. ಬಾಯಿ ಒಣಗುವುದು, ವಾಂತಿ ಬಂದಂತಾಗುವುದು, ಮಗ್ಗುಲಾಗಲು ಇಬ್ಬರು ಬೇಕು. ಆದರೆ ಕಾಲಿಗೆ ಎಳೆಯುತ್ತಿದ್ದ ಆ ಹಳೆಯ ನೋವು ಇರಲಿಲ್ಲ. ಹುಡುಕಿ ನೋಡಿದರೂ ಇರಲಿಲ್ಲ. ಬೇಗನೇ ಎಬ್ಬಿಸಿ ವಾಕರ್ ಹಿಡಿಸಿ ನಡೆಸಿದಾಗ ಸೊಂಟ ಹಿಡಿದ ಬಗ್ಗು ಹೋಗಿ ನೆಟ್ಟಗೆ ನಿಂತೆ. "ಅವ್ವ, ನೀನು ಇಷ್ಟು ಉದ್ದ ಇದ್ದೆಯಾ!" ಅಂದಳು ಭಾಗ್ಯ. ವಾರ್ಡಿನ ಆಯಾ ಚನ್ನರಾಯಪಟ್ಟಣದ ಕಡೆಯವಳು. ನನ್ನ ಮಾತು ಕೇಳಿಯೇ ಗುರುತು ಹಿಡಿದು, "ನಮ್ಮೂರ್ ಸೀಮೆಯವ್ರು" ಎಂದು ಮಧ್ಯಾಹ್ನ ತನ್ನ ಡಬ್ಬಿಯ ಉಪ್ಪುಸಾರಿನಲ್ಲಿ ಒಂದು ಲೋಟ ಕೊಟ್ಟಳು. ನರ್ಸಮ್ಮನನ್ನು ಕೇಳಿಯೇ ಕೊಟ್ಟಳು ಅನ್ನಿ. ಅದನ್ನು ಕುಡಿದ ಮೇಲೆ ಬದುಕಿದ್ದೀನಿ ಎಂದು ಖಾತ್ರಿಯಾಯಿತು.

ಊರಿಗೆ ಹೊರಡುವ ದಿನ ಭಾಗ್ಯ ಕಾಲುಂಗುರ ತೊಡಿಸಿದಳು. ಎಡಗಾಲಿಗೆ ಬೆಳ್ಳಿ ತಣ್ಣಗೆ ತಾಗಿತು. ಬಲಗಾಲಿಗೆ ಏನೂ ಇಲ್ಲ. ಪಾದ ಮೇಲಕ್ಕೆ ಸ್ವಲ್ಪ ಏಳುತ್ತಿತ್ತು, ಆದರೆ ಅಂಗಾಲಿಗೆ ಗೋಣಿಚೀಲ ಸುತ್ತಿದ ಹಾಗೆ. ಕಾರಿನಲ್ಲಿ ಹಾಸನ ಜಿಲ್ಲೆ ಬರುವವರೆಗೂ ಕಿಟಕಿ ಕಡೆ ಮುಖ ಮಾಡಿಕೊಂಡು ಅತ್ತೆ. ನೋವು ಹೋಯಿತಲ್ಲ, ಇನ್ನೇನು ಬೇಕು ಎಂದು ಯಾರಾದರೂ ಕೇಳಿದ್ದರೆ ಅವರಿಗೆ ಸರಿಯಾಗಿ ಬೈಯುತ್ತಿದ್ದೆ.

ಮನೆಯಲ್ಲಿ ನನ್ನನ್ನು ನೋಡಿಕೊಂಡವರು ಯಜಮಾನರು. ಬೆಲ್ಟು ಕಟ್ಟಿದರು, ತಲೆ ಬಾಚಿದರು, ಮುದ್ದೆ ತಿರುವಿದರು. ಮೊದಲ ಮುದ್ದೆಯಲ್ಲಿ ಗಂಟೋ ಗಂಟು. "ಇದೇನ್ ಮುದ್ದೆಯೋ ಕಡ್ಲೆಕಾಯ್ ಉಂಡೆಯೋ" ಅಂದೆ. "ನುಂಗೇ, ನಿಮ್ಮತ್ತೆ ಮಗ ಇನ್ಯಾರ್ಗೂ ತಿರುವಿಲ್ಲ" ಅಂದರು. ಜಗಲಿಗೆ ಸೊಂಟ ಹಿಡಿದುಕೊಂಡು ಬಂದವರಿಗೆ, "ಅವ್ಳೇ ರಿಪೇರಿಗೋಗ್ ಬಂದವ್ಳೆ, ನಡೀರಪ್ಪ ಮುಂದುಕ್ಕೆ" ಎಂದು ಕಳಿಸುತ್ತಿದ್ದರು. ದಿನಾ ಬೆಳಗ್ಗೆ ನನ್ನ ಕಣ್ಣು ಮುಚ್ಚಿಸಿ, ಬಲಗಾಲ ಅಂಗಾಲಿಗೆ ಏನಾದರೊಂದು ತಾಗಿಸುವುದು ಅವರೇ ಕಂಡುಹಿಡಿದ ವ್ಯಾಯಾಮ. ಒಂದು ದಿನ ತೆಂಗಿನ ನಾರು, ಒಂದು ದಿನ ತಣ್ಣೀರು, ಒಂದು ದಿನ ಕರುವಿನ ಬಾಲ.

"ಏನಾರ ಗೊತ್ತಾಯ್ತಾ?"

"ಊಹೂಂ."

"ನಾಳಿಕ್ಕೆ ನೋಡಣ ಬುಡು."

ಒಂದು ದಿನ ಹಿತ್ತಲಿನಲ್ಲಿ ಕೂತಿದ್ದಾಗ ಬಲಗಾಲ ಹಿಮ್ಮಡಿಯಲ್ಲಿ ಚುರುಕ್ ಅಂದಿತು. ಬಗ್ಗುವಂತಿಲ್ಲ, "ರೀ, ಇರುವೆ ಕಚ್ತು, ಇರುವೆ ಕಚ್ತು" ಎಂದು ಕೂಗಿದೆ. ಅವರು ಓಡಿಬಂದು ಇರುವೆ ತೆಗೆಯುವುದು ಬಿಟ್ಟು, "ಕಚ್ಲಿ ಬುಡು, ಕಚ್ಲಿ ಬುಡು" ಅಂದರು. ಆದರೆ ಅಷ್ಟಕ್ಕೇ ನಿಂತಿತು. ಹಿಮ್ಮಡಿ ಬಂತು, ಅಂಗಾಲು ಬರಲಿಲ್ಲ. ಹಾಸನದಲ್ಲಿ ತೋರಿಸಿದಾಗ ಡಾಕ್ಟರು, ಮೂಳೆ ಚೆನ್ನಾಗಿ ಕೂಡುತ್ತಿದೆ, ನರದ್ದು ಕಾಯಬೇಕು ಅಂದರು. ಕಾಯುವ ಜಾಗದಲ್ಲಿ ನಂಜೇಗೌಡರು ಇದ್ದರು. ಅವರಿಗೆ ಆಪರೇಷನ್ ಬೇಕಿರಲಿಲ್ಲವಂತೆ, ಬರೀ ಮಾತ್ರೆ, ವ್ಯಾಯಾಮ. "ಕಾಲ್ ಬತ್ತಾ ಸಾಕಮ್ಮಾರೇ?" ಅಂದರು. "ಇಮ್ಮಡಿ ಬಂದದೆ, ಮಿಕ್ಕಿದ್ದು ದಾರೀಲದೆ" ಅಂದೆ.

ಇದನ್ನು ನಾನು ಹೇಳಿದಂತೆ ಭಾಗ್ಯ ಬರೆಯುತ್ತಿದ್ದಾಳೆ. ಇಲ್ಲಿ ಒಂದು ಮಾತು ದಪ್ಪಕ್ಷರದಲ್ಲಿ ಬರಿ ಅಂದಿದ್ದೇನೆ. ಚಪ್ಪಲಿ ಜಾರಿದ್ದು ಗೊತ್ತಾಗದಿದ್ದರೆ, ಪಾದ ಜೋತು ಬಿದ್ದರೆ, ಯಾರ ಕಾಲನ್ನೂ ಹುಡುಕಿಕೊಂಡು ಹೋಗಬೇಡಿ, ನನ್ನ ಕಾಲನ್ನೂ. ಸೀದಾ ಡಾಕ್ಟರ ಹತ್ತಿರ ಹೋಗಿ. ವಯಸ್ಸಾಯಿತು ಎಂದು ಸುಮ್ಮನಿರಲೂ ಬೇಡಿ. ಈಗ ಡೈರಿಗೆ ನಾನು ಎಲ್ಲಿಯೂ ಕೂರದೆ ನಡೆಯುತ್ತೇನೆ.

ಮೊನ್ನೆ ಬೆಳಗ್ಗೆ ಎದ್ದು ಬಾಗಿಲು ತೆಗೆದರೆ ಜಗಲಿ ಮೇಲೆ, ಬೇರೆಯವರು ಕೂರುವ ಜಾಗದಲ್ಲಿ, ಯಜಮಾನರು ಸೊಂಟ ಹಿಡಿದುಕೊಂಡು ಕೂತಿದ್ದಾರೆ. ನನ್ನ ಸ್ನಾನಕ್ಕೆ ಬಿಸಿನೀರಿನ ಹಂಡೆ ಎತ್ತಲು ಹೋಗಿ ಹಿಡಿದುಕೊಂಡಿತ್ತು.

"ಕಾಲಿಗೇನಾರ ಜೋಮು ಬಂದದಾ? ಎಳೀತದಾ?" ಡಾಕ್ಟರು ನನ್ನನ್ನು ಕೇಳಿದ್ದನ್ನೆಲ್ಲ ನಾನು ಅವರನ್ನು ಕೇಳಿದೆ.

"ಏನೂ ಇಲ್ಲ ಕಣೇ. ಬರೀ ಚಳುಕು" ಎಂದು, ಮೆಲ್ಲಗೆ ಜಗಲಿ ಇಳಿದು ಬಂದು, ಹೊಸ್ತಿಲಿಗೆ ಅಡ್ಡಲಾಗಿ ಮಲಗಿಬಿಟ್ಟರು.

"ಏಳ್ರೀ! ಅತ್ತೆಮ್ಮ ಏನಂದಿದ್ರು ಮರ್ತೋಯ್ತಾ? ಆಯಸ್ಸು ಕಮ್ಮಿ ಆಯ್ತದೆ."

"ಉಳ್ದಿರೋದ್ರಲ್ಲಿ ಏನ್ ಕಮ್ಮಿ ಆದಾತು? ಊರ್ನೆಲ್ಲ ತುಳ್ದಿದ್ದೀಯ. ತುಳಿ."

ಎರಡೂ ಕೈಯಲ್ಲಿ ಬಾಗಿಲುವಾಡ ಹಿಡಿದುಕೊಂಡೆ. ಬಲಗಾಲು ಎತ್ತಿದೆ, ಎದ್ದಿತು. ಅವರ ಸೊಂಟಕ್ಕೆ ತಾಗಿಸಿದೆ. ತಾಗಿತೋ ಇಲ್ಲವೋ ಕಣ್ಣಲ್ಲಿ ನೋಡಿಕೊಳ್ಳಬೇಕಾಯಿತು. ಎರಡನೆಯ ಸಲವೂ ಅದೇ ಗೋಣಿಚೀಲ. ಮೂರನೆಯ ಸಲ ಇಟ್ಟ ಕಾಲನ್ನು ತೆಗೆಯುವ ಮನಸ್ಸಾಗಲಿಲ್ಲ, ಸ್ವಲ್ಪ ಹೊತ್ತು ಹಾಗೇ ಬಿಟ್ಟೆ. ಆಗ ಚೀಲದ ಆಚೆಯಿಂದ ಏನೋ ಬಂತು. ಬನಿಯನ್ನಿನ ಒಂದು ಸುಕ್ಕು. ಅದರ ಕೆಳಗೆ ಬಿಸಿ. ಉಸಿರಾಡಿದಾಗ ಅವರ ಬೆನ್ನು ಮೇಲೆದ್ದು ಕೆಳಗಿಳಿದದ್ದು.

"ಮೂರಾಯ್ತಲ್ಲೇ" ಅಂದರು ಅವರು ಕೆಳಗಿನಿಂದ.

"ಸುಮ್ಕೆ ಬಿದ್ದಿರಿ" ಅಂದೆ.

ತುಳಿಸಿಕೊಂಡವರು ಎದ್ದು ಹಿಂದಕ್ಕೆ ತಿರುಗಿ ನೋಡದೆ ಹೋಗಬೇಕು. ಯಜಮಾನರು ಎದ್ದು, ತಿರುಗಿ, ನನ್ನ ಮುಖವನ್ನೇ ನೋಡಿದರು.

"ಯಾಕೇ ಅಳ್ತಿದ್ದೀಯ?"

"ನೀವು ಬೆಚ್ಗಿದ್ದೀರ ಕಣ್ರೀ" ಅಂದೆ.